ಚಿಕಿತ್ಸೆಯ ಅರ್ಧ ಭಾಗ ಮನೆಯಲ್ಲಿದೆ

ವೈದ್ಯವಿಜ್ಞಾನದ ಮುನ್ನಡೆಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಹೊಸ ಔಷಧಗಳನ್ನೂ ಹೊಸ ಯಂತ್ರಗಳನ್ನೂ ಎಣಿಸುತ್ತೇವೆ. ಆ ಔಷಧವನ್ನು ಮನೆಯಲ್ಲಿ ಮಗುವಿಗೆ ಕುಡಿಸುವ ತಾಯಿಗೆ ಅದರ ವಿಷಯವಾಗಿ ಏನು ತಿಳಿದಿದೆ ಎಂದು ಕೇಳುವುದಿಲ್ಲ. ಏಡಿಗಂತಿ, ಅಂದರೆ ಕ್ಯಾನ್ಸರ್ ರೋಗದ ಮಟ್ಟಿಗೆ ಈ ಪ್ರಶ್ನೆಯನ್ನು ಕೇಳದೆ ಬಿಡುವುದು ಪ್ರಾಣಕ್ಕೆ ಎರವಾಗುವ ತಪ್ಪು. ರೋಗಿಯ ಮನೆಯವರಿಗೆ ಅವರ ಭಾಷೆಯಲ್ಲಿ ರೋಗದ ತಿಳಿವಳಿಕೆ ಕೊಡುವುದು ಉಪಕಾರದ ಮಾತಲ್ಲ, ಅದು ಚಿಕಿತ್ಸೆಯದೇ ಒಂದು ಅಂಗ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರನ್ನೇ ನಿದರ್ಶನವಾಗಿ ತೆಗೆದುಕೊಂಡು ಇದನ್ನು ವಿವರಿಸುತ್ತೇವೆ.

ಎಂಬತ್ತು ವರ್ಷಗಳ ಹಿಂದೆ ಈ ರೋಗ ತಗಲಿದ ಮಗು ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತೀರಿಹೋಗುತ್ತಿತ್ತು. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ರೋಗವು ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು ಪ್ರಕಟಿಸಿದರು. ಆ ಔಷಧವನ್ನು ಸಿದ್ಧಪಡಿಸಿದ ಪ್ರಯೋಗಶಾಲೆಯ ಸಂಶೋಧನೆಯ ಮುಂದಾಳು ನಮ್ಮ ನೆರೆಯ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಅಲ್ಲಿಂದ ವಿಜ್ಞಾನ ಬಹುದೂರ ಬಂದಿದೆ. ಶ್ರೀಮಂತ ದೇಶಗಳಲ್ಲಿ ಇಂದು ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ಬಡ ಮತ್ತು ಮಧ್ಯಮ ವರಮಾನದ ಅನೇಕ ದೇಶಗಳಲ್ಲಿಯಾದರೋ ಈ ಸಂಖ್ಯೆ 30ನ್ನೂ ಮುಟ್ಟುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗವನ್ನು ತಡವಾಗಿ ಗುರುತಿಸುವುದು, ಔಷಧಗಳ ಅಭಾವ, ಚಿಕಿತ್ಸೆಯನ್ನು ನಡುವೆಯೇ ಕೈಬಿಡುವುದು, ಚಿಕಿತ್ಸೆಯ ಅಡ್ಡ ಪರಿಣಾಮಗಳಿಂದ ಮಗು ಸಾಯುವುದು, ಇವು ಅದಕ್ಕೆ ಕಾರಣಗಳು. ಕೊನೆಯ ಎರಡು ಕಾರಣಗಳಿಗೂ ಮನೆಯವರ ತಿಳಿವಳಿಕೆಗೂ ನೇರವಾದ ಸಂಬಂಧವಿದೆ.

ರಾಯಚೂರು ಕಡೆಯ ಒಂದು ರೈತ ಕುಟುಂಬವನ್ನು ವಾಚಕರು ಕಲ್ಪಿಸಿಕೊಳ್ಳಲಿ. ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು ಮಗುವಿಗೆ ಚಿಕಿತ್ಸೆ ಆರಂಭಿಸಿದ್ದಾರೆ. ಒಂದು ತಿಂಗಳಾಗುವಷ್ಟರಲ್ಲಿ ಮಗುವಿನ ಮುಖಕ್ಕೆ ಕಳೆ ಬರುತ್ತದೆ. ಸೂಕ್ಷ್ಮದರ್ಶಕಕ್ಕೂ ರೋಗಕಣಗಳು ಕಾಣುವುದಿಲ್ಲ. ‘ಮಗು ಗುಣವಾಯಿತು, ಹೊಲದ ಕೆಲಸ ಕೆಟ್ಟಿದೆ, ಕೈಯಲ್ಲಿ ಕಾಸಿಲ್ಲ’ ಎಂದು ತಂದೆ ಊರಿಗೆ ಕರೆದೊಯ್ಯುತ್ತಾನೆ. ಮತ್ತೆ ಬರುವುದು ರೋಗ ಮರುಕಳಿಸಿದ ಮೇಲೆ. ಕಾಣದಂತೆ ಉಳಿದ ಕಣಗಳನ್ನು ನಾಶಮಾಡಲು ಎರಡು, ಎರಡೂವರೆ ವರ್ಷ ಔಷಧ ಬೇಕೆಂಬುದು ಅವನಿಗೆ ಮನದಟ್ಟಾಗಿರಲಿಲ್ಲ. ಹಾಗೆಂದು ಅವನು ದಡ್ಡನೆ? ಜೇಕಿನ ಹುಲ್ಲನ್ನು ಮೇಲೆ ಸವರಿದರೆ ಸಾಲದು, ಮಣ್ಣಿನೊಳಗೆ ಗಡ್ಡೆ ಉಳಿದಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಒಂದು ಹೋಲಿಕೆಯನ್ನು ಅವನ ಮುಂದೆ ಕುಳಿತು ಹೇಳುವವರಿದ್ದರೆ ಅವನು ಸಾಲಮಾಡಿಯಾದರೂ ಮರಳಿ ಬರುತ್ತಿದ್ದನೇನೋ!

ಎರಡನೆಯ ವಿಷಯ ಜ್ವರ. ಕ್ಯಾನ್ಸರಿನ ಔಷಧಗಳು ವೇಗವಾಗಿ ವಿಭಜಿಸುವ ಜೀವಕಣಗಳನ್ನು ಕೊಲ್ಲುತ್ತವೆ. ಅಸ್ಥಿಮಜ್ಜೆಯಲ್ಲಿ ರಕ್ತವನ್ನು ತಯಾರಿಸುವ ಕಣಗಳೂ ಅಂಥವೇ. ಆದುದರಿಂದ ಚಿಕಿತ್ಸೆಯ ಕಾಲದಲ್ಲಿ ರೋಗಾಣುಗಳನ್ನು ಎದುರಿಸುವ ಬಿಳಿಯ ರಕ್ತಕಣಗಳು ತೀರ ಕಡಿಮೆಯಾಗುತ್ತವೆ. ಆಗ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅದು ತುರ್ತು ಪ್ರಸಂಗ. ಕೂಡಲೇ ಆಸ್ಪತ್ರೆಗೆ ಒಯ್ದು ರಕ್ತನಾಳದ ಮೂಲಕ ಪ್ರತಿಜೀವಕ ಔಷಧ ಕೊಡಿಸಬೇಕು. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆ ಇಲ್ಲಿ ನಡೆಯದು. ಕಷಾಯ ಕೊಟ್ಟು, ಕಂಬಳಿ ಹೊದಿಸಿ, ‘ಬೆಳಗಾಗಲಿ ನೋಡೋಣ’ ಎನ್ನುವುದು ತಾಯಿಯ ವಾತ್ಸಲ್ಯದ ಸಹಜ ಮಾತು. ಆದರೆ ಆ ಒಂದು ರಾತ್ರಿಯಲ್ಲಿ ಗುಣವಾಗಬಹುದಾಗಿದ್ದ ಮಗು ಕೈಬಿಟ್ಟು ಹೋಗಬಹುದು. ಒಂದು ಉಷ್ಣಮಾಪಕ, ಅದನ್ನು ಓದುವ ಅಭ್ಯಾಸ, ಎಲ್ಲಿಗೆ ಹೋಗಬೇಕೆಂಬ ಅರಿವು, ಇವು ಮೂರೂ ಬೆಲೆಬಾಳುವ ಔಷಧಕ್ಕೆ ಸಮಾನವಾದವು.

ಹೆಚ್ಚು ಹೇಳಿದರೆ ಮನೆಯವರು ಹೆದರುತ್ತಾರೆಂದು ಕೆಲವರು ಆಕ್ಷೇಪಿಸುತ್ತಾರೆ. ನಿಜವಾದ ಭಯ ಹುಟ್ಟುವುದು ಅರಿವಿನಿಂದಲ್ಲ, ಗಾಳಿಮಾತಿನಿಂದ. ವೈದ್ಯರಿಗೆ ಬಿಡುವಿಲ್ಲವೆಂಬುದು ಇನ್ನೊಂದು ಆಕ್ಷೇಪ. ಅದು ನಿಜ. ಆದರೆ ಈ ಕೆಲಸವನ್ನು ತರಬೇತಿ ಪಡೆದ ದಾದಿಯರೂ, ತಮ್ಮ ಮಕ್ಕಳ ಚಿಕಿತ್ಸೆಯನ್ನು ಮುಗಿಸಿದ ತಂದೆತಾಯಿಗಳೂ ಮಾಡಬಲ್ಲರು. ಚಿತ್ರಗಳಿರುವ ತೆಳುವಾದ ಕನ್ನಡ ಪುಸ್ತಿಕೆಯೊಂದು ಪ್ರತಿ ಮನೆಯವರ ಕೈಗೂ ಸೇರಬೇಕು. ಓದು ಬಾರದವರಿಗೆ ಓದಿ ಹೇಳಬೇಕು. ಹೇಳಿದ್ದು ತಲುಪಿತೆ ಎಂದು ತಿಳಿಯಲು ಸುಲಭವಾದ ಉಪಾಯವಿದೆ: ‘ಜ್ವರ ಬಂದರೆ ಏನು ಮಾಡುವಿರಿ, ನೀವೇ ಹೇಳಿ ತಾಯಿ’ ಎಂದು ಕೇಳುವುದು.

ನೆರವೂ ಇಲ್ಲದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಆರಂಭವಾಗಿದ್ದು, ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಅದರಲ್ಲಿ ದೊರೆಯುತ್ತದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲ್ವೆಯಲ್ಲಿ ರಿಯಾಯಿತಿಯುಂಟು. ಮುಂಬಯಿಯಲ್ಲಿ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಕೇಂದ್ರಗಳು ದೂರದಿಂದ ಬಂದ ಮಕ್ಕಳಿಗೂ ಅವರ ಹೆತ್ತವರಿಗೂ ಉಚಿತವಾಗಿ ವಸತಿ ಕೊಡುತ್ತವೆ. ಆದರೆ ಇದೆಯೆಂದು ತಿಳಿಯದವನಿಗೆ ಇದ್ದ ನೆರವೂ ಇಲ್ಲದಂತೆಯೇ.

ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಿಗೆ ಇದರಲ್ಲಿ ಪಾತ್ರವಿಲ್ಲವೆಂದು ತಿಳಿಯಬಾರದು. ತಲೆಗೂದಲು ಉದುರಿದ ಸಹಪಾಠಿಯೊಬ್ಬನು ತರಗತಿಗೆ ಮರಳಿದರೆ, ಕ್ಯಾನ್ಸರ್ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲವೆಂದು ಬಲ್ಲ ನೀವು ಅವನ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕು. ಅವನಿಂದ ನಿಮಗೆ ಅಪಾಯವಿಲ್ಲ. ನಿಮ್ಮಿಂದ ಅವನಿಗೆ ಇರಬಹುದು. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಕಾಣಿಸಿದರೆ ‘ಅಮ್ಮ ಬಂದಿದ್ದಾಳೆ’ ಎಂದು ಸುಮ್ಮನಿರದೆ ಅಂದೇ ಉಪಾಧ್ಯಾಯರಿಗೆ ತಿಳಿಸಿರಿ. ಅವನ ಮನೆಗೆ ಸುದ್ದಿ ಹೋಗಲಿ. ಓದಲಾರದ ನೆರೆಯವರಿಗೆ ಆಸ್ಪತ್ರೆಯ ಚೀಟಿಯಲ್ಲಿ ಬರೆದ ಮುಂದಿನ ದಿನಾಂಕವನ್ನು ಓದಿ ಹೇಳಿರಿ. ವಿಜ್ಞಾನವನ್ನು ಕಲಿತವರು ಅದನ್ನು ಕಲಿಯುವ ಅವಕಾಶವಿಲ್ಲದವರ ಬಾಗಿಲಿಗೆ ಒಯ್ಯದಿದ್ದರೆ, ಪ್ರಯೋಗಶಾಲೆಯಲ್ಲಿ ಹುಟ್ಟಿದ ಔಷಧ ರೋಗಿಯ ಹಾಸಿಗೆಯವರೆಗೆ ಅರ್ಧ ದಾರಿಯನ್ನು ಮಾತ್ರ ಬಂದಂತಾಯಿತು. ಉಳಿದ ಅರ್ಧವನ್ನು ನಾವು ನಡೆಯಬೇಕಾಗಿದೆ.