ಅಢಾವೆ ಪತ್ರಿಕೆಯಲ್ಲಿ ಕಾಣಿಸದ ಆಸ್ತಿ

2025ರ ಆಗಸ್ಟ್ ತಿಂಗಳಿನಲ್ಲಿ ಪ್ರಕಟವಾದ ಒಂದು ವಾಣಿಜ್ಯ ಸುದ್ದಿ ನಮ್ಮ ಸದಸ್ಯರ ಪೈಕಿ ಹೆಚ್ಚಿನವರ ಗಮನಕ್ಕೆ ಬಂದಿರಲಾರದು. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ಎವಲ್ಯೂಷನ್ ಚಾಂಪಿಯನ್‌ಶಿಪ್ ಸೀರೀಸ್’, ಸಂಕ್ಷಿಪ್ತವಾಗಿ ‘ಇವೋ’, ಎಂಬ ವಿಡಿಯೋ ಗೇಮ್ ಪಂದ್ಯಾವಳಿಯಲ್ಲಿ ಸೋನಿ ಸಂಸ್ಥೆ ಹೊಂದಿದ್ದ ಪಾಲನ್ನು ಭಾರತದ ನಾಡ್‌ವಿನ್ ಗೇಮಿಂಗ್ ಕಂಪನಿ ಖರೀದಿಸಿತೆಂಬುದೇ ಆ ಸುದ್ದಿ. ಗುಂಡಿಯೊತ್ತಿ ಪರದೆಯ ಮೇಲೆ ಇಬ್ಬರು ಗುದ್ದಾಡುವ ಆಟಕ್ಕೆ ಒಂದು ಪಂದ್ಯಾವಳಿ, ಆ ಪಂದ್ಯಾವಳಿಗೆ ಮಾಲೀಕರು, ಆ ಮಾಲೀಕತ್ವಕ್ಕೊಂದು ಬೆಲೆ! ಸುದ್ದಿಯನ್ನು ಕೇಳಿ ನಕ್ಕ ಹಿರಿಯ ವರ್ತಕ ಮಿತ್ರರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು: “ಅಲ್ಲ ಸ್ವಾಮಿ, ಅವರು ಕೊಂಡದ್ದಾದರೂ ಏನನ್ನು?”

ಪ್ರಶ್ನೆ ಸಮಂಜಸವಾದದ್ದೇ. ಇವೋದಲ್ಲಿ ಆಡುವ ಆಟಗಳು ಇವೋದ ಸ್ವತ್ತಲ್ಲ. ‘ಸ್ಟ್ರೀಟ್ ಫೈಟರ್’ ಆಟದ ಕೃತಿಸ್ವಾಮ್ಯ ಕ್ಯಾಪ್‌ಕಾಮ್ ಕಂಪನಿಯದು. ‘ಟೆಕ್ಕೆನ್’ ಬಂದಾಯ್ ನಾಮ್ಕೋ ಕಂಪನಿಯದು. ಸಭಾಂಗಣ ಬಾಡಿಗೆಯದು. ಆಟಗಾರರು ನೌಕರರಲ್ಲ, ಬಹುಪಾಲು ಜನ ತಮ್ಮ ಖರ್ಚಿನಲ್ಲಿ ಬಂದು, ಶುಲ್ಕ ತೆತ್ತು ಆಡಿ ಹೋಗುವವರು. ಕಟ್ಟಡ, ಯಂತ್ರ, ದಾಸ್ತಾನು ಎಂಬ ಬಾಬುಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವುದು ಒಂದೇ, ಹೆಸರು. ಪೇಟೆಯಲ್ಲಿ ಇದಕ್ಕೆ ಗುಡ್‌ವಿಲ್ ಎನ್ನುತ್ತೇವೆ. ವಾಣಿಜ್ಯ ಪಠ್ಯಗಳಲ್ಲಿ ಕೀರ್ತಿಮೌಲ್ಯವೆಂದು ಓದಿದ್ದೇವೆ. ಮಳಿಗೆ ಬಿಟ್ಟುಕೊಡುವಾಗ ಕೇಳುವ ಪಗಡಿ ಜಾಗಕ್ಕೆ ಸಲ್ಲುವ ಹಣ, ಕೀರ್ತಿಮೌಲ್ಯವಾದರೋ ನಡತೆಗೆ ಸಲ್ಲುವ ಹಣ. ಸಂಸ್ಥೆಯೊಂದು ತಾನೇ ಬೆಳೆಸಿಕೊಂಡ ಕೀರ್ತಿಮೌಲ್ಯವನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಲು ನಮ್ಮ ಲೆಕ್ಕಪತ್ರ ಮಾನದಂಡ 26 ಅನುಮತಿಸುವುದಿಲ್ಲ. ಇನ್ನೊಬ್ಬರು ಹಣ ಕೊಟ್ಟು ವ್ಯವಹಾರವನ್ನು ಕೊಂಡ ದಿನವೇ ಅದು ಅಂಕಿಯ ರೂಪ ಪಡೆದು ಪುಸ್ತಕಕ್ಕೆ ಬರುತ್ತದೆ. ಇವೋದ ವಿಷಯದಲ್ಲಿ ಆ ದಿನ ಬರಲು 25 ವರ್ಷ ಹಿಡಿಯಿತು.

1996ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಪಟ್ಟಣದ ಗಾಲ್ಫ್‌ಲ್ಯಾಂಡ್ ಎಂಬ ಆಟದ ಮಳಿಗೆಯಲ್ಲಿ ‘ಬ್ಯಾಟಲ್ ಬೈ ದ ಬೇ’ ಎಂಬ ಹೆಸರಿನಿಂದ ಸುಮಾರು 40 ಜನ ಸೇರಿ ಒಂದು ಸ್ಪರ್ಧೆ ನಡೆಸಿದರು. ನಾಣ್ಯ ಹಾಕಿ ಆಡುವ ಯಂತ್ರಗಳಿದ್ದ ಸಾಮಾನ್ಯ ಮಳಿಗೆ ಅದು. ಟಾಮ್ ಕ್ಯಾನನ್ ಮತ್ತು ಟೋನಿ ಕ್ಯಾನನ್ ಎಂಬ ಅವಳಿ ಸಹೋದರರೂ ಅವರ ಕೆಲವು ಗೆಳೆಯರೂ ಇದರ ಸಂಘಟಕರು. ಬಂಡವಾಳವೆಂದರೆ ಅವರ ಬಿಡುವಿನ ವೇಳೆ. 2002ರಲ್ಲಿ ಸ್ಪರ್ಧೆಗೆ ಈಗಿನ ಹೆಸರು ಬಂದಿತು. ಅಷ್ಟರಲ್ಲಿ ಅಮೆರಿಕದಲ್ಲಿ ಅಂತಹ ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದ್ದವು. 2004ರಲ್ಲಿ ಸಂಘಟಕರು ಹಳೆಯ ಯಂತ್ರಗಳನ್ನು ಬಿಟ್ಟು, ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಕನ್ಸೋಲ್‌ಗಳ ಮೇಲೆ ಪಂದ್ಯ ನಡೆಸುವ ನಿರ್ಧಾರ ಕೈಗೊಂಡರು. ಹಳಬರು ಗೊಣಗಿದರು. ಆದರೆ ಕಚ್ಚಾ ಮಾಲೇ ಪೇಟೆಯಿಂದ ಮಾಯವಾಗುತ್ತಿರುವಾಗ ಹಳೆಯ ಅಚ್ಚನ್ನು ಹಿಡಿದು ಕುಳಿತ ಉದ್ಯಮ ಎಷ್ಟು ದಿನ ಉಳಿದೀತು? ಮರುವರ್ಷ ಪಂದ್ಯಾವಳಿ ಲಾಸ್ ವೇಗಸ್‌ಗೆ ಸ್ಥಳಾಂತರಗೊಂಡಿತು.

ಅದೇ 2004ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದ ಒಂದು ಪಂದ್ಯವನ್ನು ಆ ವಲಯದವರು ಇಂದಿಗೂ ನೆನೆಯುತ್ತಾರೆ. ಜಪಾನಿನ ದೈಗೋ ಉಮೆಹಾರಾ ಅವರ ಪಾತ್ರಕ್ಕೆ ಉಳಿದಿದ್ದ ಪ್ರಾಣ ಒಂದು ಕೂದಲೆಳೆಯಷ್ಟು. ಎದುರಾಳಿ ಅಮೆರಿಕದ ಜಸ್ಟಿನ್ ವಾಂಗ್ ಒಂದರ ಹಿಂದೊಂದರಂತೆ 15 ಹೊಡೆತಗಳ ಸರಮಾಲೆಯನ್ನು ಪ್ರಯೋಗಿಸಿದರು. ಸಾಮಾನ್ಯ ರಕ್ಷಣೆಯಿಂದ ತಡೆದರೂ ಸೋಲು ಖಚಿತ. ಹೊಡೆತ ತಗಲುವ ಕ್ಷಣಕ್ಕೆ ಸರಿಯಾಗಿ ಹಿಡಿಯನ್ನು ಎದುರಾಳಿಯ ಕಡೆಗೇ ತಳ್ಳಿದರೆ ಮಾತ್ರ ಪಾರು. ಉಮೆಹಾರಾ ಹದಿನೈದನ್ನೂ ಹಾಗೆಯೇ ನಿವಾರಿಸಿ ತಿರುಗಿ ಹೊಡೆದು ಗೆದ್ದರು. (ಆ ವರ್ಷದ ಅಂತಿಮ ಪಂದ್ಯದಲ್ಲಿ ಅವರು ಸೋತರೆಂಬುದು ಬೇರೆ ಮಾತು.) ಯೂಟ್ಯೂಬ್ ಹುಟ್ಟುವ ಮೊದಲಿನ ಕಾಲವಾದರೂ ಆ ದೃಶ್ಯ ಕೈಯಿಂದ ಕೈಗೆ ದಾಟಿ ಲೋಕವನ್ನೆಲ್ಲ ಸುತ್ತಿತು. ಜಾಹೀರಾತಿನ ಬಾಬಿಗೆ ಚಿಕ್ಕಾಸೂ ಖರ್ಚಾಗಲಿಲ್ಲ.

ಇನ್ನು ನನ್ನಂಥವರಿಗೆ ರುಚಿಸುವ ಭಾಗಕ್ಕೆ ಬರೋಣ. 2010ರ ದಶಕದಲ್ಲಿ ಒಂದು ಆಟಕ್ಕೆ ಹೆಸರು ನೋಂದಾಯಿಸಲು ಇದ್ದ ಶುಲ್ಕ 10 ಡಾಲರ್; ಸಭಾಂಗಣ ಪ್ರವೇಶದ ಶುಲ್ಕ ಬೇರೆ. ಆಟದ ಶುಲ್ಕವಾಗಿ ಬಂದ ಹಣವೆಲ್ಲ ಆ ಆಟದ ಬಹುಮಾನ ನಿಧಿ. ಮೊದಲ ಎಂಟು ಜನರಿಗೆ ಅದನ್ನು ಹಂಚುತ್ತಿದ್ದ ಕ್ರಮ ಶೇಕಡ 60, 20, 10, 4, 2, 2, 1, 1. ಕೂಡಿ ನೋಡಿದರೆ ಸರಿಯಾಗಿ ನೂರು. ಎರಡು ಸಾವಿರ ಜನ ನೋಂದಾಯಿಸಿದರೆಂದುಕೊಳ್ಳಿ: ನಿಧಿ 20,000 ಡಾಲರ್, ಗೆದ್ದವನಿಗೆ 12,000, ಎಂಟನೆಯವನಿಗೆ 200. ಆಟಗಾರ ಮನೆಯಲ್ಲಿ ಕುಳಿತೇ ಬೆರಳೆಣಿಸಿ ಲೆಕ್ಕ ಪರಿಶೋಧನೆ ಮಾಡಬಹುದಾದ ವ್ಯವಸ್ಥೆ! ಸಂಘಟಕರು ನಮ್ಮ ಶುಲ್ಕವನ್ನು ನುಂಗಿದರೆಂಬ ಗೊಣಗಾಟಕ್ಕೆ ಇಲ್ಲಿ ಎಡೆಯೇ ಇರಲಿಲ್ಲ. ನಮ್ಮ ಎಷ್ಟೋ ಚೀಟಿ ವ್ಯವಹಾರಗಳ ಬಗ್ಗೆ ಈ ಮಾತನ್ನು ಹೇಳಲು ನನಗೆ ಧೈರ್ಯವಾಗದು.

ಎರಡನೆಯ ಗುಣ, ಬಾಗಿಲು ತೆರೆದಿರುವುದು. ಇಲ್ಲಿ ಆಹ್ವಾನಿತರ ಪಟ್ಟಿಯಿಲ್ಲ. ಹಿಂದಿನ ವರ್ಷದ ವಿಜೇತನೂ ಮೊದಲ ಬಾರಿಗೆ ಬಂದ ಕಾಲೇಜು ಹುಡುಗನೂ ಒಂದೇ ಸಾಲಿನ ಕುರ್ಚಿಗಳಲ್ಲಿ ಕುಳಿತು ಪ್ರಾರಂಭಿಸಬೇಕು. ಎರಡು ಸಲ ಸೋತವನು ಹೊರಕ್ಕೆ, ಅವನು ಯಾರೇ ಆಗಿರಲಿ. ಲಾಹೋರಿನ ಅರ್ಸಲಾನ್ ಸಿದ್ದೀಕ್, ಆಟದ ಹೆಸರಿನಲ್ಲಿ ‘ಅರ್ಸಲಾನ್ ಆಶ್’, 2019ರ ಪ್ರಾರಂಭದಲ್ಲಿ ವೀಸಾ ತೊಂದರೆಗಳನ್ನು ದಾಟಿ ಜಪಾನಿನಲ್ಲಿ ನಡೆದ ಇವೋ ಪಂದ್ಯಾವಳಿಗೆ ಬಂದಾಗ ಟೆಕ್ಕೆನ್ ವಲಯದ ಘಟಾನುಘಟಿಗಳ ಸಾಲಿನಲ್ಲಿ ಅವರ ಹೆಸರೇ ಇರಲಿಲ್ಲ. ಅವರು ಅಲ್ಲಿ ಗೆದ್ದರು. ಅದೇ ವರ್ಷ ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಹೆಸರಾಂತ ಆಟಗಾರ ‘ನೀ’ ಅವರನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿ ಗೆದ್ದರು. 2023 ಮತ್ತು 2024ರಲ್ಲಿ ಅಲ್ಲಿಯೇ ಮತ್ತೆ ಗೆದ್ದರು. ಖ್ಯಾತರನ್ನಷ್ಟೇ ಕರೆದು ಆಡಿಸುವ ಪಂದ್ಯಾವಳಿಗೆ ಅಂದು ಇವರನ್ನು ಯಾರು ಕರೆಯುತ್ತಿದ್ದರು?

ಸಣ್ಣ ಕೈಗಾರಿಕೆಯವರಿಗೆ ಒಂದು ಮಾತು. ಈ ಆಟಗಾರರು ಬಳಸುವ ಹಿಡಿ ಮತ್ತು ಗುಂಡಿಗಳಲ್ಲಿ ಜಪಾನಿನ ಸಾನ್ವಾ ಡೆನ್ಶಿ, ಸೇಮಿತ್ಸು ಎಂಬ ತಯಾರಕರ ಬಿಡಿಭಾಗಗಳಿಗೆ ದೊಡ್ಡ ಹೆಸರಿದೆ. 30 ಮಿಲಿಮೀಟರ್ ವ್ಯಾಸದ ಪ್ಲಾಸ್ಟಿಕ್ ಗುಂಡಿ, ಒಳಗೊಂದು ಸ್ವಿಚ್ಚು, ಅಷ್ಟೇ ಸರಕು. ಮಳಿಗೆಗಳ ಯಂತ್ರಕ್ಕೆಂದು ಮಾಡಿದ ಈ ಭಾಗಗಳನ್ನು ಜನ ಮನೆಗೆ ತರಿಸಿ ತಾವೇ ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಹಿಡಿಯೇ ಇಲ್ಲದೆ ಬರೀ ಗುಂಡಿಗಳಿರುವ ಪೆಟ್ಟಿಗೆಯನ್ನು ಹಿಟ್ ಬಾಕ್ಸ್ ಎಂಬ ಅಮೆರಿಕದ ಸಣ್ಣ ಕಂಪನಿ ಪ್ರಚಾರಕ್ಕೆ ತಂದಿತು. ಈಗ ಆ ಬಗೆಯ ಸಾಧನಗಳನ್ನು ಹಲವರು ತಯಾರಿಸುತ್ತಾರೆ. ಇಂಜೆಕ್ಷನ್ ಮೋಲ್ಡಿಂಗ್ ಘಟಕವಿರುವ ನಮ್ಮ ಸದಸ್ಯರು ಆ ಗುಂಡಿಯೊಂದನ್ನು ತರಿಸಿ ಬಿಚ್ಚಿ ನೋಡುವುದರಲ್ಲಿ ನಷ್ಟವೇನಿಲ್ಲ.

ಹಾಗೆಂದು ಈ ಕೀರ್ತಿಮೌಲ್ಯ ಭದ್ರವೇ ಎಂದರೆ ಅಲ್ಲ. 2013ರಲ್ಲಿ, ಸ್ತನ ಕ್ಯಾನ್ಸರ್ ಸಂಶೋಧನೆಗಾಗಿ ಅಭಿಮಾನಿಗಳು ಅತಿ ಹೆಚ್ಚು ದೇಣಿಗೆ ನೀಡಿ ಆರಿಸಿದ ‘ಸ್ಮ್ಯಾಶ್ ಬ್ರದರ್ಸ್ ಮೆಲೀ’ ಆಟವನ್ನು ಪಂದ್ಯಾವಳಿಗೆ ಸೇರಿಸಲಾಗಿತ್ತು. ಅದರ ಪ್ರಸಾರಕ್ಕೆ ಒಡೆಯರಾದ ನಿಂಟೆಂಡೊ ಕಂಪನಿಯವರು ತಡೆಯೊಡ್ಡಿದರು. ಅಭಿಮಾನಿಗಳ ಆಕ್ರೋಶ ಕಂಡು ಅದೇ ದಿನ ಹಿಂದೆಗೆದರು. ಅನ್ಯರ ಮಾಲನ್ನು ಮಾರುವ ಏಜೆನ್ಸಿ ವ್ಯಾಪಾರಿಗೆ ಈ ಅನುಭವ ಹೊಸತಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2020ರಲ್ಲಿ. ಕೋವಿಡ್ ಕಾರಣ ಅಂತರ್ಜಾಲದಲ್ಲೇ ಪಂದ್ಯ ನಡೆಸಲು ಸಿದ್ಧತೆ ನಡೆದಿದ್ದಾಗ ಸಂಸ್ಥಾಪಕರಲ್ಲೊಬ್ಬರ ಹಿಂದಿನ ನಡತೆಯ ಬಗ್ಗೆ ಗಂಭೀರ ಆಪಾದನೆಗಳು ಬಹಿರಂಗವಾದವು. ಕ್ಯಾಪ್‌ಕಾಮ್, ಬಂದಾಯ್ ನಾಮ್ಕೋ ಮೊದಲಾದವರು ಬೆಂಬಲ ಹಿಂತೆಗೆದರು. ಆ ವ್ಯಕ್ತಿಯೊಡನೆ ಸಂಬಂಧ ಕಡಿದುಕೊಂಡ ಸಂಘಟಕರು ಸ್ಪರ್ಧೆಯನ್ನು ರದ್ದುಗೊಳಿಸಿ ಶುಲ್ಕ ಮರಳಿಸುವುದಾಗಿ ಪ್ರಕಟಿಸಿದರು. ಕಾಲು ಶತಮಾನದ ಹೆಸರು ಅಲುಗಾಡಲು ಕೆಲವೇ ದಿನಗಳು ಸಾಕಾದವು. ಪಾಲುದಾರಿಕೆ ಪತ್ರ ಬರೆಸಲು ಬರುವವರಿಗೆ ನಾನು ಈ ಪ್ರಸಂಗವನ್ನು ಹೇಳುವುದುಂಟು: ಕೀರ್ತಿಮೌಲ್ಯದ ಹಂಚಿಕೆಗೆ ಕಲಮು ಬರೆಸುತ್ತೀರಿ, ಪಾಲುದಾರನೊಬ್ಬನ ನಡತೆಯಿಂದ ಅದು ನಷ್ಟವಾದರೆ ಏನೆಂದು ಬರೆಸುವುದಿಲ್ಲ.

2021ರ ಮಾರ್ಚ್‌ನಲ್ಲಿ ಸೋನಿ ಮತ್ತು ಆರ್‌ಟಿಎಸ್ ಎಂಬ ಸಂಸ್ಥೆ ಜಂಟಿಯಾಗಿ ಇವೋವನ್ನು ಕೊಂಡವು. 2022ರಲ್ಲಿ ಸಭಾಂಗಣದ ಪಂದ್ಯಗಳು ಪುನರಾರಂಭಗೊಂಡವು. 2023ರಲ್ಲಿ ‘ಸ್ಟ್ರೀಟ್ ಫೈಟರ್ 6’ ಆಟವೊಂದಕ್ಕೇ 7 ಸಾವಿರಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಿದರು. ಬಾಗಿಲು ತೆರೆದೇ ಇತ್ತು, ಆದ್ದರಿಂದ ಜನ ಮರಳಿ ಬಂದರು ಎಂಬುದು ನನ್ನ ಅಭಿಪ್ರಾಯ. 2025ರ ಖರೀದಿಯಿಂದ ಭಾರತದ ಹಣವೂ ಈ ಹೆಸರಿನಲ್ಲಿ ತೊಡಗಿತು. ಪಾಲು ಮುಂದೆ ಯಾರ ಕೈಗೆ ಹೋದರೂ ಅವರಿಗೆ ಎದುರಾಗುವ ಪ್ರಲೋಭನೆ ಒಂದೇ: ಸಾವಿರಾರು ಅನಾಮಿಕರ ಗೊಡವೆ ಬಿಟ್ಟು, 16 ಜನ ತಾರೆಯರನ್ನು ಕರೆಸಿ, ಪ್ರಾಯೋಜಕರ ಹಣದಿಂದ ದೊಡ್ಡ ಬಹುಮಾನವಿಟ್ಟು, ಪ್ರಸಾರ ಹಕ್ಕನ್ನು ಮಾರುವುದು. ಮೊದಲ ವರ್ಷದ ಲಾಭನಷ್ಟದ ಪಟ್ಟಿ ಖಂಡಿತ ಚೆನ್ನಾಗಿ ಕಂಡೀತು. ಆದರೆ ಕೊಂಡ ಕೀರ್ತಿಮೌಲ್ಯವನ್ನು ವರ್ಷವರ್ಷವೂ ಮರುಪರೀಕ್ಷಿಸುವ ಲೆಕ್ಕ ಪರಿಶೋಧಕನಾಗಿ ನಾನು ಅಲ್ಲಿದ್ದರೆ ಬಹುಮಾನದ ಮೊತ್ತವನ್ನು ಕೇಳುವುದಿಲ್ಲ. ಈ ವರ್ಷ ಮೊದಲ ಸಲ ಹೆಸರು ಕೊಟ್ಟವರು ಎಷ್ಟು ಜನ ಎಂದು ಕೇಳುತ್ತೇನೆ.

ಇಂತಹ ಸ್ಪರ್ಧೆಯನ್ನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಡೆಸಲು ನಮ್ಮ ಸದಸ್ಯರೊಬ್ಬರು ಮುಂದಾದರೆ ಎದುರಾಗುವ ತೊಡಕನ್ನೂ ಹೇಳಬೇಕು. ಖರೀದಿಯ ಸುದ್ದಿ ಬಂದ ಅದೇ ಆಗಸ್ಟ್ ತಿಂಗಳಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025ನ್ನು ಅಂಗೀಕರಿಸಿತು. ಹಣ ಪಣವಿಟ್ಟು ಆಡುವ ಆಟಗಳನ್ನು ಅದು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮಾನ್ಯತೆಯ ದಾರಿಯನ್ನು ತೆರೆಯಿತು. ಇ-ಸ್ಪೋರ್ಟ್ಸ್ ಸ್ಪರ್ಧೆಯಲ್ಲಿ ಪ್ರವೇಶಕ್ಕಾಗಿ ಅಥವಾ ಆಡಳಿತ ವೆಚ್ಚಕ್ಕಾಗಿ ಮಾತ್ರ ಶುಲ್ಕ ಪಡೆಯಬಹುದು, ಸಾಧನೆಗೆ ಬಹುಮಾನವನ್ನೂ ಕೊಡಬಹುದು, ಆದರೆ ಪಣ ಇರಕೂಡದು ಎಂಬುದು ಕಾಯ್ದೆಯ ವ್ಯಾಖ್ಯೆಯ ತಾತ್ಪರ್ಯ. ಹಾಗಾದರೆ ನೂರಕ್ಕೆ ನೂರು ಶುಲ್ಕವನ್ನೂ ಗೆದ್ದವರಿಗೆ ಹಂಚುವ ಇವೋದ ಹಳೆಯ ಪದ್ಧತಿಯಲ್ಲಿ ಆ ಹತ್ತು ಡಾಲರ್ ಶುಲ್ಕವೋ ಪಣವೋ? ಕಾಯ್ದೆಯ ಪದಗಳನ್ನು ಎರಡೂ ಕಡೆಗೆ ಎಳೆಯಬಹುದು. ಜಪಾನಿನಲ್ಲಿ ಸ್ಪರ್ಧಿಗಳ ಶುಲ್ಕದಿಂದ ಬಹುಮಾನ ಕೊಟ್ಟರೆ ಜೂಜಿನ ಆಪಾದನೆ ಬಂದೀತೆಂಬ ಅಂಜಿಕೆಯಿಂದ ಸಂಘಟಕರು ಬಹುಮಾನದ ಹಣವನ್ನು ಪ್ರಾಯೋಜಕರಿಂದ ಪ್ರತ್ಯೇಕವಾಗಿ ಪಡೆಯುವ ಪದ್ಧತಿ ಬೆಳೆದಿದೆ. ಸ್ಪಷ್ಟನೆ ದೊರೆಯುವವರೆಗೆ ಶುಲ್ಕಕ್ಕೊಂದು, ಬಹುಮಾನಕ್ಕೊಂದು ಬೇರೆ ಬ್ಯಾಂಕ್ ಖಾತೆ ತೆರೆದು, ಶುಲ್ಕದ ಖಾತೆಯಿಂದ ಸಭಾಂಗಣದ ಬಾಡಿಗೆ ಮತ್ತು ವಿದ್ಯುತ್ ವೆಚ್ಚವನ್ನಷ್ಟೇ ಭರಿಸುವುದು ಕ್ಷೇಮಕರ. ನಮ್ಮ ಸಂಸ್ಥೆಯ ಕಾನೂನು ಮತ್ತು ತೆರಿಗೆ ಉಪಸಮಿತಿಯು ಈ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡು ಕೇಂದ್ರ ಸರ್ಕಾರಕ್ಕೆ ಮನವಿ ಸಲ್ಲಿಸಬೇಕೆಂದು ಕೋರುತ್ತೇನೆ. ಕರಡನ್ನು ಸಿದ್ಧಪಡಿಸಿಕೊಡಲು ನಾನು ಸಿದ್ಧನಿದ್ದೇನೆ.