ಟೊಮೆಟೊ ಗಿಡ ಬಾಗೋ ಮುಂಚೆಯೇ ಕಡ್ಡಿ ನೆಡಿ

ಚಿಂತಾಮಣಿ, ಶಿಡ್ಲಘಟ್ಟ ಕಡೆ ಟೊಮೆಟೊ ಹಾಕುವ ನಮ್ಮ ಹುಡುಗರು ಸಸಿ, ಡ್ರಿಪ್, ಔಷಧಿಗೆ ಮೊದಲೇ ದುಡ್ಡು ಎತ್ತಿಡ್ತಾರೆ. ಕಡ್ಡಿ ವಿಷಯ ಬಂದ್ರೆ ಮಾತ್ರ ‘ಆಮೇಲೆ ನೋಡೋಣ’. ನನ್ನ ಪ್ರಕಾರ ಈ ಲೆಕ್ಕ ತಪ್ಪು. ನೆಲಕ್ಕೆ ತಾಗಿದ ಹಣ್ಣು ಕೊಳೆಯುತ್ತೆ. ಮಳೆಗೆ ಮಣ್ಣು ಸಿಡಿದು ಎಲೆಗೆ ಅಂಗಮಾರಿ ಹತ್ತುತ್ತೆ. ಕಡ್ಡಿಯಲ್ಲಿ ಉಳಿಸಿದ ದುಡ್ಡು ಔಷಧಿ ಅಂಗಡಿ ಸೇರುತ್ತೆ. ಬಿದ್ದ ಗಿಡವನ್ನು ಎತ್ತಿ ಕಟ್ಟೋಕೆ ಹೋದ್ರೆ ಕೊಂಬೆ ಮುರಿಯುತ್ತೆ, ಹೂ ಉದುರುತ್ತೆ.

ನಾಟಿಯಾದ 3–4 ವಾರದೊಳಗೆ ನೀಲಗಿರಿ ಕಡ್ಡಿ ನೆಟ್ಟು, ಕಾಂಡ ದಪ್ಪ ಆಗೋಕೆ ಜಾಗ ಬಿಟ್ಟು ದಾರ ಸಡಿಲವಾಗಿ ಕಟ್ಟಿ. ಗಿಡ ಬೆಳೆದಂತೆ ಮೇಲೆ ಇನ್ನೊಂದು ಸಾಲು ಕಟ್ಟಿ.

ರೇಟ್ ಬಿದ್ದೋಗುತ್ತೆ ಅನ್ನೋ ಭಯವಾ? ಹಾಗಾದ್ರೆ ಒಂದೆಕರೆ ಬದಲು ಅರ್ಧ ಎಕರೆ ಹಾಕಿ. ಆದ್ರೆ ಕಡ್ಡಿ ಸಮೇತ ಹಾಕಿ.