ಉಸಿರು ಕಾಯುವವರ ಉಸಿರಿಗೆ ಯಾರು ಹೊಣೆ?

ನನ್ನ ತಮ್ಮನ ಮಗಳು ರೆಸ್ಪಿರೇಟರಿ ಥೆರಪಿ ಪದವಿಯ ಮೂರನೆಯ ವರ್ಷದಲ್ಲಿದ್ದಾಳೆ. ವೆಂಟಿಲೇಟರ್ ನೋಡಿಕೊಳ್ಳುವುದು, ರೋಗಿಯ ಶ್ವಾಸನಾಳದಿಂದ ಕಫ ಹೀರಿ ತೆಗೆಯುವುದು, ನೆಬ್ಯುಲೈಸರ್ ಕೊಡುವುದು, ಅಪಧಮನಿಯ ರಕ್ತ ತೆಗೆದು ಆಮ್ಲಜನಕದ ಮಟ್ಟ ಪರೀಕ್ಷಿಸುವುದು ಆಕೆ ಕಲಿಯುತ್ತಿರುವ ಕೆಲಸ. ಸದ್ಯ ಆಕೆ ಕ್ಷಯರೋಗಕ್ಕೆ ಆರು ತಿಂಗಳ ಔಷಧ ಸೇವಿಸುತ್ತಿದ್ದಾಳೆ. ಸೋಂಕು ಎಲ್ಲಿಂದ ತಗುಲಿತೆಂದು ಯಾರೂ ಸಾಧಿಸಿ ತೋರಿಸಲಾರರು, ಬಸ್ಸಿನಲ್ಲೂ ತಗುಲಿರಬಹುದು. ಈ ಅನಿಶ್ಚಿತತೆಯೇ ಆಸ್ಪತ್ರೆಯನ್ನು ಹೊಣೆಯಿಂದ ಪಾರುಮಾಡುತ್ತದೆ. ‘ಎನ್-95 ಮಾಸ್ಕ್ ಕೊಡುತ್ತಿದ್ದರೇನಮ್ಮ?’ ಎಂದು ಕೇಳಿದೆ. ‘ವಾರಕ್ಕೊಂದು, ದೊಡ್ಡಪ್ಪ. ಅದೂ ಸಿಬ್ಬಂದಿಗೆ ಕೊಟ್ಟು ಉಳಿದರೆ’ ಎಂದಳು.

ಈ ವೃತ್ತಿಯವರ ಕೆಲಸ ನಡೆಯುವುದು ರೋಗಿಯ ಬಾಯಿಯಿಂದ ಒಂದು ಗೇಣಿನ ದೂರದಲ್ಲಿ. ಕಫ ಹೀರುವ ನಳಿಕೆ ಒಳಗಿಳಿದಾಗ ರೋಗಿ ಕೆಮ್ಮದೆ ಇರಲಾರ. ಆ ಕೆಮ್ಮಿನ ಸೂಕ್ಷ್ಮ ಹನಿಗಳು ಎದುರಿಗಿರುವವರ ಮುಖಕ್ಕೇ ಬರುತ್ತವೆ. 2002-03ರ ಸಾರ್ಸ್ ಪಿಡುಗಿನಲ್ಲಿ ದಾಖಲಾದ 8,096 ಪ್ರಕರಣಗಳಲ್ಲಿ ಸುಮಾರು ಐದರಲ್ಲಿ ಒಂದು ಆರೋಗ್ಯ ಕಾರ್ಯಕರ್ತರದಾಗಿತ್ತು. ಕೋವಿಡ್ ಬರುವುದಕ್ಕೆ ಹದಿನೇಳು ವರ್ಷ ಮೊದಲೇ ಸಿಕ್ಕಿದ್ದ ಎಚ್ಚರಿಕೆಯದು.

ಕಲಿಯಬೇಕಾದ ಸಂಗತಿಗಳೇನೂ ಗಹನವಾದವಲ್ಲ. ಸಾಬೂನಿನಿಂದಾದರೆ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣದಿಂದಾದರೆ 20ರಿಂದ 30 ಸೆಕೆಂಡು ಕೈ ಶುಚಿಗೊಳಿಸಬೇಕು. ದ್ರಾವಣ ಪೂರ್ತಿ ಆರಿದ ಮೇಲೆಯೇ ಆಮ್ಲಜನಕದ ಉಪಕರಣ ಮುಟ್ಟಬೇಕು, ಏಕೆಂದರೆ ಒಂದು ಕಿಡಿ ಸಾಕು. ವೆಂಟಿಲೇಟರ್ ಕೊಳವೆಯೊಳಗೆ ತೇವ ಹನಿಗಟ್ಟಿ ನಿಲ್ಲುವ ನೀರು ರೋಗಾಣುಗಳ ತವರು. ರೋಗಿಯನ್ನು ಹೊರಳಿಸುವ ಮುನ್ನ ಅದನ್ನು ಹೊರಚೆಲ್ಲದಿದ್ದರೆ ಅದು ನೇರವಾಗಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ನೆಬ್ಯುಲೈಸರನ್ನು ನಲ್ಲಿ ನೀರಿನಲ್ಲಿ ತೊಳೆದು ಒದ್ದೆಯಾಗಿಯೇ ಬಿಟ್ಟರೂ ಇದೇ ಗತಿ. ಅಂದರೆ ವಿದ್ಯಾರ್ಥಿಯ ಅಜ್ಞಾನದ ಬೆಲೆಯನ್ನು ರೋಗಿಯೂ ತೆರುತ್ತಾನೆ. ಇನ್ನು ರಕ್ತ ತೆಗೆದ ಸೂಜಿಗೆ ಎರಡೂ ಕೈಗಳಿಂದ ಮುಚ್ಚಳ ಹಾಕುವ ಹಳೆಯ ಅಭ್ಯಾಸ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ರೋಗಿಯ ಸೂಜಿ ಚುಚ್ಚಿದರೆ ಸೋಂಕಿನ ಸಾಧ್ಯತೆ ಶೇ 30ರವರೆಗೂ ಇದೆ. ಮೂರು ಡೋಸ್ ಲಸಿಕೆ ಮುಗಿಯಲು ಆರು ತಿಂಗಳು ಬೇಕು. ನಮ್ಮ ಹುಡುಗಿಯನ್ನು ಒಂದೇ ಡೋಸ್ ಆಗಿದ್ದಾಗ ತೀವ್ರ ನಿಗಾ ಘಟಕಕ್ಕೆ ಕಳುಹಿಸಿದ್ದರು.

ಅರ್ಥಶಾಸ್ತ್ರದಲ್ಲಿ ಬಾಹ್ಯ ವೆಚ್ಚವೆಂಬ ಪರಿಕಲ್ಪನೆಯಿದೆ. ಕಾರ್ಖಾನೆಯ ಹೊಗೆಯಿಂದಾಗುವ ನಷ್ಟ ಅದರ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ನೆರೆಯವರ ಎದೆಯಲ್ಲಿ ಕಾಣುತ್ತದೆ. ಆಸ್ಪತ್ರೆ ಮಾಸ್ಕಿನಲ್ಲಿ ಉಳಿಸಿದ ಹಣವೂ ಹಾಗೆಯೇ. ಸಂಬಳ ಪಡೆಯುವ ನೌಕರ ಕಾಯಿಲೆ ಬಿದ್ದರೆ ರಜೆ, ಪರಿಹಾರಗಳ ಪ್ರಶ್ನೆ ಏಳುತ್ತದೆ. ವಿದ್ಯಾರ್ಥಿ ಶುಲ್ಕ ತೆತ್ತು ದುಡಿಯುವವನು. ಅವನು ಮಲಗಿದರೆ ಹಾಜರಾತಿ ಕಡಿಮೆಯಾಗುತ್ತದೆ, ಅಷ್ಟೇ.

ಈ ಮಾತು ಹೇಳುವಾಗ ನನಗೆ ಸಂಕೋಚವೂ ಇದೆ. ಸೇವೆಯಲ್ಲಿದ್ದಾಗ ಕಾಲೇಜೊಂದರ ತಪಾಸಣಾ ತಂಡದಲ್ಲಿದ್ದೆ. ಕಟ್ಟಡದ ಚದರ ಅಡಿ ಅಳೆದೆವು, ಗ್ರಂಥಾಲಯದ ಪುಸ್ತಕ ಎಣಿಸಿದೆವು, ಊಟವೂ ಚೆನ್ನಾಗಿತ್ತು. ವಾರ್ಡಿನಲ್ಲಿ ಕೈ ತೊಳೆಯುವ ತೊಟ್ಟಿಗಳು ಎಷ್ಟಿವೆ, ವಿದ್ಯಾರ್ಥಿಗಳಿಗೆ ಲಸಿಕೆ ಆಗಿದೆಯೇ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ನಮೂನೆಯಲ್ಲಿ ಆ ಕಲಮೇ ಇರಲಿಲ್ಲ. ಇಲ್ಲದ ಕಲಮನ್ನು ಸರ್ಕಾರಿ ನೌಕರ ತಾನಾಗಿ ಬರೆಯುವುದಿಲ್ಲ.

ಕಾನೂನಿನ ಆಧಾರ ಇಲ್ಲವೆಂದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, ಇಂಥ ತ್ಯಾಜ್ಯ ನಿರ್ವಹಿಸುವ ಆರೋಗ್ಯ ಕಾರ್ಯಕರ್ತರಿಗೂ ಇತರರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವ ಹೊಣೆಯನ್ನು ಆಸ್ಪತ್ರೆಯ ಮೇಲೆಯೇ ಹೊರಿಸಿವೆ. ಬಳಸಿದ ನಳಿಕೆಯನ್ನು ಕೆಂಪು ಚೀಲಕ್ಕೆ ಹಾಕುವ ವಿದ್ಯಾರ್ಥಿ ಆ ‘ಇತರರಲ್ಲಿ’ ಸೇರದೆ ಮತ್ತಾರು ಸೇರುತ್ತಾರೆ? ಈ ಬಗೆಯ ವೃತ್ತಿಗಳ ಶಿಕ್ಷಣದ ಮಟ್ಟ ಕಾಯಲೆಂದೇ 2021ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿತು. ಅದರಡಿ ಮಾನ್ಯತೆ ನೀಡುವಾಗ ಮೂರು ಕಲಮು ಸೇರಿಸಿದರೆ ಸಾಕು: ಲಸಿಕೆ ಪೂರ್ಣಗೊಂಡಿರಬೇಕು, ಎನ್-95 ಮಾಸ್ಕ್ ಮುಖಕ್ಕೆ ಸಂದಿಲ್ಲದೆ ಕೂರುತ್ತದೆಯೇ ಎಂಬ ಪರೀಕ್ಷೆ ಆಗಿರಬೇಕು, ಕೈ ತೊಳೆಯುವುದರಿಂದ ಕಫ ತೆಗೆಯುವವರೆಗಿನ ಕ್ರಮವನ್ನು ಬೋಧಕರ ಮುಂದೆ ಮಾಡಿ ತೋರಿಸಿದ ನಂತರವೇ ರೋಗಿಯ ಬಳಿ ಬಿಡಬೇಕು. ಖರ್ಚು ಆಸ್ಪತ್ರೆಯದೇ ಆಗಿರಬೇಕು.

ಮುಂದಿನ ತಿಂಗಳು ಆಕೆ ಅದೇ ವಾರ್ಡಿಗೆ ಮರಳಲಿದ್ದಾಳೆ. ಮಾಸ್ಕಿನ ಪೆಟ್ಟಿಗೆಯನ್ನು ನನ್ನ ತಮ್ಮನೇ ಕೊಂಡು ತಂದಿಟ್ಟಿದ್ದಾನೆ.